ಪ್ರಶ್ನಾರ್ಥಕ ಚಿಹ್ನೆ ಎಲ್ಲಿ ಹೋಯಿತು?

ಫೆಬ್ರವರಿ ಮುಗಿಯುವ ಹೊತ್ತಿಗೆ ಅಮೆರಿಕದ ಟಕೋಮಾದ ನಮ್ಮ ಬೀದಿಯ ಕೊನೆಯಲ್ಲಿರುವ ಕಾಟನ್‌ವುಡ್ ಮರಗಳ ಮೊಗ್ಗುಗಳಲ್ಲಿ ಅಂಟು ತುಂಬಿಕೊಳ್ಳುತ್ತದೆ. ಗಾಳಿಗೆ ಮುರಿದುಬಿದ್ದ ಕೊಂಬೆಗಳಿಂದ ಅವುಗಳನ್ನು ಬಿಡಿಸಿ, ವಾರಗಟ್ಟಲೆ ಎಣ್ಣೆಯಲ್ಲಿ ನೆನೆಸಿ, ಜೇನುಮೇಣ ಬೆರೆಸಿ ಮುಲಾಮು ಮಾಡುವುದು ಪಕ್ಕದ ಮನೆಯ ಅಜ್ಜಿಯ ಪ್ರತಿವರ್ಷದ ಕೆಲಸ. ಅಲಬಾಮಾದಲ್ಲಿ ಹುಟ್ಟಿ, ನರ್ಸ್ ಆಗಿ ನಿವೃತ್ತರಾದ ಆ ಆಫ್ರಿಕನ್ ಅಮೆರಿಕನ್ ಮಹಿಳೆ ಕಳೆದ ವಾರ ಚಳಿಗೆ ಬಿರಿದ ನನ್ನ ಬೆರಳುಗಳನ್ನು ನೋಡಿ ಒಂದು ಪುಟ್ಟ ಡಬ್ಬಿ ತಂದುಕೊಟ್ಟರು. ಮುಚ್ಚಳದ ಮೇಲೆ ‘ಬಾಮ್ ಆಫ್ ಗಿಲಿಯಡ್’ ಎಂದು ಬರೆದಿತ್ತು; ಅಂದರೆ ಬೈಬಲಿನಲ್ಲಿ ಬರುವ ಗಿಲ್ಯಾದ್ ಎಂಬ ನಾಡಿನ ಮುಲಾಮು. ಈ ಜಾತಿಯ ಮರಗಳ ಮೊಗ್ಗಿಗೆ ಅಮೆರಿಕದಲ್ಲಿ ಬೈಬಲಿನ ಆ ಹೆಸರು ಅಂಟಿಕೊಂಡು ಬಹಳ ಕಾಲವಾಗಿದೆ. ಕೊಡುತ್ತಲೇ ಅವರು ಗುನುಗಿದ್ದು, ಗಿಲ್ಯಾದಿನಲ್ಲಿ ಗಾಯ ಮಾಯಿಸುವ ಮುಲಾಮು ಇದೆ ಎಂದು ಗುಲಾಮರು ಹಾಡಿಕೊಂಡು ಬಂದ ಹಾಡನ್ನು.

ನನ್ನ ಒಂಬತ್ತು ವರ್ಷದ ಮಗಳು ಅಲ್ಲೇ ನಿಂತಿದ್ದಳು. ಪ್ರತಿ ಭಾನುವಾರ ಗದಗಿನಲ್ಲಿರುವ ಅಜ್ಜಿಗೆ ಫೋನಿನಲ್ಲಿ ಕನ್ನಡ ಬೈಬಲ್ ಓದಿ ಒಪ್ಪಿಸುವವಳು ಅವಳು. ಪ್ರವಾದಿ ಯೆರೆಮೀಯನ ಗ್ರಂಥದ ಎಂಟನೆಯ ಅಧ್ಯಾಯವನ್ನು ಮುಗಿಸಿ ಇನ್ನೂ ಒಂದು ವಾರವಾಗಿರಲಿಲ್ಲ. ‘ನೀವು ಇದೆ ಎಂದು ಹಾಡುತ್ತೀರಿ. ಬೈಬಲಿನಲ್ಲಿ “ಗಿಲ್ಯಾದಿನಲ್ಲಿ ಮುಲಾಮು ಇಲ್ಲವೋ” ಎಂಬ ಪ್ರಶ್ನೆಯಿದೆ. ಪ್ರಶ್ನಾರ್ಥಕ ಚಿಹ್ನೆ ಎಲ್ಲಿ ಹೋಯಿತು?’ ಎಂದು ನೇರವಾಗಿ ಕೇಳಿಬಿಟ್ಟಳು.

ನನಗೆ ಮುಜುಗರವಾಯಿತು. ಅವರು ಮಾತ್ರ ಗಟ್ಟಿಯಾಗಿ ನಕ್ಕು, ‘ನಮ್ಮ ಮುತ್ತಜ್ಜಿಯರು ಅದರ ಬೆನ್ನು ನೆಟ್ಟಗೆ ಮಾಡಿದರು, ಮಗು’ ಎಂದರು. ಅದು ಪೂರ್ತಿ ಅವರದೇ ಮಾತಲ್ಲ. ಯೆರೆಮೀಯನ ವಾಕ್ಯದ ಪ್ರಶ್ನಾರ್ಥಕ ಚಿಹ್ನೆಯನ್ನು ಗುಲಾಮನು ನೆಟ್ಟಗೆ ಮಾಡಿ ಭಾವಸೂಚಕವಾಗಿಸಿದನೆಂದು ದೇವತಾಶಾಸ್ತ್ರಜ್ಞ ಹೊವಾರ್ಡ್ ಥರ್ಮನ್ ಈ ಹಾಡಿನ ಬಗ್ಗೆ ಬರೆದಿದ್ದಾರೆ. ಹೊರಡುವ ಮುನ್ನ ಅವರು ಮಗಳಿಗೆ ಇನ್ನೊಂದು ಮಾತು ಹೇಳಿದರು: ‘ಈ ಮುಲಾಮು ಬೈಬಲಿನಲ್ಲಿ ಮೊದಲು ಕಾಣಿಸುವುದು ಯಾರ ಜೊತೆಗೆ ಎಂದು ನಿನ್ನಪ್ಪನನ್ನು ಕೇಳು.’

ನಿನ್ನಪ್ಪನಿಗೆ ಗೊತ್ತಿರಲಿಲ್ಲ. ರಾತ್ರಿ ಹುಡುಕಿದಾಗ ಆದಿಕಾಂಡದ 37ನೆಯ ಅಧ್ಯಾಯದಲ್ಲಿ ಸಿಕ್ಕಿತು. ಗಿಲ್ಯಾದಿನಿಂದ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಹೊರಟ ಒಂಟೆಗಳ ಮೇಲೆ ಸುಗಂಧದ್ರವ್ಯ, ಮುಲಾಮು, ರಕ್ತಬೋಳಗಳ ಹೇರು; ಅದೇ ವರ್ತಕರ ಕೈಗೆ ಅಣ್ಣಂದಿರು ಯೋಸೇಫನನ್ನು 20 ಬೆಳ್ಳಿ ನಾಣ್ಯಗಳಿಗೆ ಮಾರುತ್ತಾರೆ. ಗಾಯ ಮಾಯಿಸುವ ವಸ್ತುವೂ ಗಾಯಗೊಂಡ ಹುಡುಗನೂ ಒಂದೇ ಸಂತೆಗೆ ಹೊರಟ ಸರಕು. ಬಾಲ್ಯದಿಂದ ನಾಟಕವಾಡಿ, ಬಣ್ಣದ ನಿಲುವಂಗಿ ತೊಟ್ಟು ಯೋಸೇಫನ ಪಾತ್ರ ಮಾಡಿದ್ದ ನನಗೆ ಒಂಟೆಯ ಮೇಲೆ ಏನಿತ್ತೆಂದು ಕೇಳಬೇಕೆನಿಸಿರಲಿಲ್ಲ. ವರ್ಷಗಳ ನಂತರ, ಬರಗಾಲದಲ್ಲಿ, ಐಗುಪ್ತದ ಅಧಿಕಾರಿ ತನ್ನ ಮಗನೇ ಎಂಬುದನ್ನು ಅರಿಯದ ಯಾಕೋಬನು ಅವನಿಗೆ ಕಾಣಿಕೆಯಾಗಿ ಕಳಿಸುವ ವಸ್ತುಗಳಲ್ಲೂ ಸ್ವಲ್ಪ ಮುಲಾಮು ಇರುತ್ತದೆ.

ಹೀಬ್ರೂ ಭಾಷೆಯ ‘ತ್ಸೊರಿ’ ಎಂಬ ಈ ಪದ ಒಟ್ಟು ಆರು ಕಡೆ ಬರುತ್ತದೆ. ಅದು ಮರದ ಅಂಟು; ಯಾವ ಮರದ್ದೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 1568ರ ಇಂಗ್ಲಿಷ್ ಬೈಬಲೊಂದು ಅದನ್ನು ‘ಟ್ರೀಕಲ್’ (ಇಂದಿನ ಅರ್ಥದಲ್ಲಿ ಕಾಕಂಬಿ) ಎಂದು ಅನುವಾದಿಸಿ ನಗೆಗೀಡಾಗಿದೆ. ಹಳೆಯ ಕಾಲದಲ್ಲಿ ಯೆರಿಕೋ ಮತ್ತು ಏನ್ಗೆದಿಯ ತೋಟಗಳಲ್ಲಿ ಬೆಳೆಯುತ್ತಿದ್ದ ಹೆಸರಾಂತ ಬಾಲ್ಸಮ್ ಗಿಡವೇ ಅದೆಂದು ನಂಬುವವರಿದ್ದಾರೆ; ಹಾಗಿದ್ದರೆ ಅದು ನಮ್ಮ ಗುಗ್ಗುಳದ ದಾಯಾದಿ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಸಂಗತಿ: ಆ ಆರರಲ್ಲಿ ಒಂದು ಕಡೆಯೂ ಮುಲಾಮಿನಿಂದ ಯಾರೂ ಗುಣಮುಖರಾದದ್ದಿಲ್ಲ. ಮೂರು ಕಡೆ ಅದು ವ್ಯಾಪಾರದ ಇಲ್ಲವೇ ಕಾಣಿಕೆಯ ವಸ್ತು. ಉಳಿದ ಮೂರೂ ಯೆರೆಮೀಯನವು. ಐಗುಪ್ತಕ್ಕೆ ಹೇಳುವಾಗಲೂ ಬಾಬೆಲಿಗೆ (ಬ್ಯಾಬಿಲೋನಿಗೆ) ಹೇಳುವಾಗಲೂ ಅವನ ದನಿಯಲ್ಲಿರುವುದು ಕಟುವಾದ ವ್ಯಂಗ್ಯ. ಸ್ವಂತ ಜನರ ಬಗ್ಗೆ ಕೇಳುವಾಗ ಮಾತ್ರ ಅವನು ಅಳುತ್ತಾನೆ. ಅದೇ ಅಧ್ಯಾಯದಲ್ಲಿ, ಸಮಾಧಾನವಿಲ್ಲದಿರುವಾಗ ಸಮಾಧಾನ ಸಮಾಧಾನವೆಂದು ಹೇಳಿ ಜನರ ಗಾಯವನ್ನು ಮೇಲೆಮೇಲೆ ವಾಸಿಮಾಡಿದವರನ್ನು ಬೈದಿರುತ್ತಾನೆ.

ನಮ್ಮೂರ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಆ ಮಾತನ್ನು ಓದುವಾಗ ಎಲ್ಲರೂ ತಲೆಬಾಗಿಸುತ್ತಿದ್ದೆವು. ಕ್ರಿಸ್ತನಲ್ಲಿ ಭೇದವಿಲ್ಲವೆಂದು ಪೀಠದಿಂದ ಸಾರುತ್ತಿದ್ದರು. ಆರಾಧನೆ ಮುಗಿದು ಹೊರಬಂದ ಮೇಲೆ ಮದುವೆಯ ಮಾತು ಬಂದರೆ, ಆ ಮನೆಯವರ ಮುತ್ತಜ್ಜ ಯಾವ ಕೇರಿಯಿಂದ ಸಭೆಗೆ ಬಂದವನೆಂದು ಮೆಲ್ಲಗೆ ವಿಚಾರಿಸುತ್ತಿದ್ದರು. ಪಕ್ಕದ ಮನೆಯ ಅಜ್ಜಿಯ ಹಿರಿಯರು ಆ ಚಿಹ್ನೆಯನ್ನು ನೆಟ್ಟಗೆ ಮಾಡಿದ್ದು ಗಾಯ ಎಲ್ಲಿದೆಯೆಂದು ತಿಳಿದಿದ್ದರಿಂದ. ನಾವು ಗಾಯವೇ ಇಲ್ಲವೆಂದುಕೊಂಡು ಆ ವಾಕ್ಯವನ್ನು ಕ್ಯಾಲೆಂಡರಿನಲ್ಲಿ ಅಚ್ಚುಹಾಕಿಸಿದೆವು.

ಮೊನ್ನೆ ಭಾನುವಾರ ಮಗಳ ಓದು ಮುಗಿದ ಮೇಲೆ ಅವ್ವ ತಂಗಿಯ ಮಗಳಿಗೆ ಬಂದ ಸಂಬಂಧದ ಸುದ್ದಿ ಹೇಳಿದರು. ‘ಹುಡುಗ ಛಲೋ ಅದಾನ, ನಮ್ಮ ಸಭಾದವನ. ಆದ್ರ ಅವರ ಮೂಲ ಯಾವುದಂತ ಒಮ್ಮೆ ಕೇಳಬೇಕಲ್ಲಪಾ?’

‘ಮೂಲ ಅಂದ್ರೆ ಏನಪ್ಪಾ?’ ಎಂದು ಮಗಳು ಪಕ್ಕದಿಂದ ಕೇಳಿದಳು. ನಾನು ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಾ ಕುಳಿತಿದ್ದೆ. ಫೋನಿನ ಆ ಕಡೆ ಅವ್ವನೂ ಸುಮ್ಮನಾದರು.