ಮುದ್ದೆ ನುಂಗಿದ ಗಂಟಲು

ನಮ್ಮ ಹಾಸನದ ಕಡೆ ಮುದ್ದೆ ಅಗಿದು ತಿಂದರೆ ನಗ್ತಾರೆ. ಮುರಿದು, ಸಾರಿಗೆ ಅದ್ದಿ, ಗುಳುಂ ಅಂತ ನುಂಗಬೇಕು. ಅರಕಲಗೂಡು ಕಡೆಯ ಒಬ್ಬ ಅಜ್ಜ ಜೀವಮಾನವೆಲ್ಲ ಹಾಗೇ ನುಂಗಿದವರು. ಲಕ್ವ ಹೊಡೆದು ನಮ್ಮ ವಾರ್ಡಿಗೆ ಬಂದಿದ್ದರು. ಎಡಗೈ, ಎಡಗಾಲು ಬಿದ್ದುಹೋಗಿತ್ತು, ಬಾಯಿ ಬಲಕ್ಕೆ ಎಳೆದಿತ್ತು. ಇವರಿಗೆ ಈಗ ಒಂದು ಚಮಚ ನೀರೂ ನೆಟ್ಟಗೆ ಇಳಿಯಲ್ಲ ಅಂದರೆ ಅಜ್ಜಿ ನಂಬಲೇ ಇಲ್ಲ.

"ರಾತ್ರಿಯಿಂದ ಬಾಯಿಗೆ ತೊಟ್ಟು ನೀರು ಬಿಟ್ಟಿಲ್ಲ. ಉಪವಾಸ ಕೆಡವಕ್ಕೆ ಕರ್ಕಂಡು ಬಂದ್ವಾ ಸಿಸ್ಟರ್?"

ಡ್ರಿಪ್ ತೋರಿಸಿದೆ. ಬಾಟಲಿ ನೀರಲ್ಲಿ ಹೊಟ್ಟೆ ತುಂಬುತ್ತಾ ಅಂದರು. ಅದೂ ನಿಜವೇ ಅಲ್ವಾ!

ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದ್ದೇ ಮಾತಿಗೆ ನಾನು ಕರಗಿದ್ದೆ. ಆಗ ಬೇರೆ ಊರಲ್ಲಿದ್ದೆ. ಮಗನೊಬ್ಬ ಮಲಗಿದ್ದ ಅಮ್ಮನಿಗೆ ಫ್ಲಾಸ್ಕಿನ ಕಾಫಿ ಕುಡಿಸುತ್ತಿದ್ದ. ಕಂಡೂ ಸುಮ್ನಿದ್ದೆ. ಆಕೆ ಕೆಮ್ಮಲೇ ಇಲ್ಲ. ಮೂರನೇ ದಿನ ಜ್ವರ, ಎದೆಯಲ್ಲಿ ಗೊರಗೊರ. ಎಕ್ಸ್‌ರೇ ತೆಗೆದರೆ ನ್ಯುಮೋನಿಯಾ. ಸ್ಟ್ರೋಕ್ ಆದವರಲ್ಲಿ ಕೆಲವರಿಗೆ ನೀರು ಶ್ವಾಸಕೋಶದ ಕಡೆ ಜಾರಿದರೂ ಕೆಮ್ಮು ಬರುವುದಿಲ್ಲ. ಅದನ್ನು ಪುಸ್ತಕದಲ್ಲಿ ಓದಿ ಪಾಸಾಗಿದ್ದೆ, ಆದರೂ ಆ ಕಾಫಿ ಲೋಟ ನೋಡಿದಾಗ ನೆನಪಾಗಲಿಲ್ಲ.

ಅಜ್ಜನ ವಿಷಯದಲ್ಲಿ ಅಜ್ಜಿಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡೆ. ಅಜ್ಜನನ್ನು ನೆಟ್ಟಗೆ ಕೂರಿಸಿ ಒಂದು ಚಮಚ ನೀರು ಕೊಟ್ಟೆ. ಅಜ್ಜಿಯ ಬೆರಳನ್ನು ಅವರ ಗಂಟಲಿನ ಉಬ್ಬಿನ ಮೇಲೆ ಇಡಿಸಿದೆ. ನುಂಗಿದಾಗ ಅದು ಟಪ್ಪಂತ ಮೇಲೇರಬೇಕು. ಏರಲಿಲ್ಲ. ತಡವಾಗಿ, ಅರ್ಧ ಏರಿತು. "ಆ ಅನ್ನಿ ಅಜ್ಜ" ಅಂದೆ. ನೀರೊಳಗಿಂದ ಮಾತಾಡಿದ ಹಾಗೆ ಬಂತು ದನಿ. ಅಜ್ಜಿ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು. ಆಮೇಲೆ ಜಗಳವಾಡಲಿಲ್ಲ.

ಹೊಟ್ಟೆಗೆ ಆಹಾರ ಇಳಿಸಲು ಮೂಗಿಗೆ ಪೈಪು ಹಾಕಿದರು. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು, ಬಾಯಿ ಒರೆಸುವುದು, ಇದೆಲ್ಲ ಅಜ್ಜಿ ನನಗಿಂತ ಚೆನ್ನಾಗಿ ಕಲಿತರು.

ಹತ್ತು ದಿನದ ಮೇಲೆ ಗಂಟಲು ಸುಧಾರಿಸಿತು. ಮೊದಲು ಗಟ್ಟಿ ಗಂಜಿ. ತೆಳು ನೀರು ಸರ್ರಂತ ಓಡಿಬಿಡುತ್ತದೆ, ಗಂಜಿ ನಿಧಾನ, ಗಂಟಲಿಗೆ ಸಿದ್ಧವಾಗಲು ಪುರಸೊತ್ತು ಕೊಡುತ್ತದೆ. ಗದ್ದ ಸ್ವಲ್ಪ ಕೆಳಗೆ, ಬಲಗಡೆಯಿಂದ ಚಮಚ. ಊಟವಾದ ಮೇಲೆ ಟಾರ್ಚ್ ಬಿಟ್ಟು ಎಡದವಡೆ ನೋಡಬೇಕು. ಅಲ್ಲಿ ತುತ್ತು ಕೂತಿದ್ದರೂ ಅವರಿಗೆ ಗೊತ್ತಾಗಲ್ಲ. ಅರ್ಧ ಗಂಟೆ ಮಲಗಿಸುವ ಹಾಗಿಲ್ಲ.

ಮೆತ್ತಗಿನ ಅನ್ನ ಶುರು ಮಾಡಿದ ದಿನ ಅಜ್ಜ ತಟ್ಟೆಯ ಬಲ ಅರ್ಧ ಮಾತ್ರ ತಿಂದರು. ಗೆರೆ ಎಳೆದ ಹಾಗೆ. ಮಿದುಳಿನ ಬಲಭಾಗಕ್ಕೆ ಪೆಟ್ಟಾದರೆ ಹೀಗಾಗುವುದುಂಟು. ಕಣ್ಣು ಚೆನ್ನಾಗಿದ್ದರೂ ಎಡಭಾಗ ಅನ್ನುವುದೇ ಲೆಕ್ಕಕ್ಕಿರಲ್ಲ.

"ಅಗಳು ಬಿಟ್ಟೆದ್ದೋರಲ್ಲ ಇವ್ರು," ಅಂತ ಅಜ್ಜಿಗೆ ಗಾಬರಿ. ನಾನು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ. ಅಜ್ಜ ಉಳಿದದ್ದನ್ನೂ ತಿಂದರು, ಹೊಸದಾಗಿ ಬಡಿಸಿದ್ದಾರೆ ಅಂದುಕೊಂಡು.

ಅಜ್ಜಿ ಮೊದಲ ಸಲ ನಕ್ಕರು. "ಮುದ್ದೆ ಯಾವಾಗ ಕೊಡ್ಲಿ?"

"ಈಗಲೇ ಬೇಡ ಅಜ್ಜಿ," ಅಂದೆ. "ನಿಮ್ಮೋರಿಗೆ ಅಗಿಯೋಕೆ ಬರಲ್ವಲ್ಲ."