ರಕೂನಿನ ಜಾಡು ಹಿಡಿದು ಹಳ್ಳದಲ್ಲಿ

ನಾವಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಮೂಲೆಯಲ್ಲಿ. ಈ ಸೀಮೆಗೆ ಡ್ರಿಫ್ಟ್‌ಲೆಸ್ ಅಂತ ಹೆಸರು. ಹಿಮಯುಗದಲ್ಲಿ ಸುತ್ತಲಿನ ನೆಲವನ್ನೆಲ್ಲ ಉಜ್ಜಿ ಮಟ್ಟ ಮಾಡಿದ ಹಿಮರಾಶಿ ಇಲ್ಲಿಗೆ ಮಾತ್ರ ಬರಲಿಲ್ಲ. ಹಾಗಾಗಿ ಎಲ್ಲೆಲ್ಲೂ ಕಡಿದಾದ ಗುಡ್ಡ, ಇಕ್ಕಟ್ಟಾದ ಕಣಿವೆ, ಕಣಿವೆಗೊಂದು ತಣ್ಣನೆಯ ಹಳ್ಳ. ತೀರ್ಥಹಳ್ಳಿ ಕಡೆಯವನಾದ ನನಗೆ ಬಂದ ದಿನವೇ ಹಿಡಿಸಿದ ಜಾಗ.

ಪಕ್ಕದ ಹೊಲದ ರೈತರಿಗೆ ಎಪ್ಪತ್ತು ದಾಟಿದೆ. ಮುಸುಕಿನ ಜೋಳ ಹಾಲುಗಾಳಾಗುವ ಹೊತ್ತಿಗೆ ರಕೂನ್ ಅನ್ನುವ, ಬೆಕ್ಕಿಗಿಂತ ದೊಡ್ಡದಾದ ಕಾಡುಪ್ರಾಣಿಗಳು ರಾತ್ರೋರಾತ್ರಿ ನುಗ್ಗಿ, ದಂಟು ಬಗ್ಗಿಸಿ, ಒಂದೊಂದು ತೆನೆಯನ್ನೂ ಅರ್ಧ ತಿಂದು ಬಿಸಾಕಿ ಹೋಗುತ್ತವೆ. ತೋಟದಲ್ಲಿ ಮಂಗನ ಕಾಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ನಮ್ಮೂರಲ್ಲಿ ಕಾಡುಪ್ರಾಣಿಗೆ ಉರುಳು ಹಾಕಿದರೆ ಕೇಸು. ಇಲ್ಲಿ ಅಕ್ಟೋಬರ್ ಮಧ್ಯದಿಂದ ಫೆಬ್ರವರಿ 15ರವರೆಗೆ ಲೈಸೆನ್ಸ್ ಇದ್ದವರು ರಕೂನ್ ಹಿಡಿಯಬಹುದು.

ನವೆಂಬರಿನಲ್ಲಿ ಒಂದು ವಾರ ಆ ರೈತರ ಜೊತೆ ಬಲೆ ಇಡಲು ಹೋದೆ. ಮೊದಲ ದಿನ ಅವರು ತೋರಿಸಿದ್ದು ಕೆಸರಲ್ಲಿ ಮೂಡಿದ್ದ ಹೆಜ್ಜೆ. ಐದು ಬೆರಳು, ಬಿಡಿಬಿಡಿಯಾಗಿ. ಈಗಷ್ಟೇ ಅಂಬೆಗಾಲಿಟ್ಟ ಮಗುವಿನ ಅಂಗೈ ಒತ್ತಿದ ಹಾಗೇ ಇತ್ತು. ನಾನು ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತೆ.

ರಕೂನ್ ನೀರಂಚಲ್ಲೇ ನಡೆಯುತ್ತದೆ, ಕಲ್ಲಿನಡಿ ಕೈಹಾಕಿ ಸೀಗಡಿಯಂಥ ಜೀವಿಗಳನ್ನು ತಡಕುತ್ತದೆ. ದಂಡೆ ಅಗಲವಾಗಿದ್ದರೆ ಅದು ಎಲ್ಲಿ ಬೇಕಾದರೂ ಹೋಗಬಹುದು. ಆದರೆ ಬಂಡೆ ನೇರ ನೀರಿಗೆ ಇಳಿದಿರುವ ಕಡೆ, ಬಿದ್ದ ಮರದ ಪಕ್ಕ, ಎರಡು ಹಳ್ಳ ಸೇರುವ ಮೂಲೆಯಲ್ಲಿ ಅದಕ್ಕೆ ಇರುವುದು ಒಂದೇ ದಾರಿ. ಹಾಗಾಗಿ ನಮ್ಮ ಮೊಣಕಾಲು ಮುರಿಯುವಂಥ ಜಾಗವೇ ಬಲೆಗೆ ಒಳ್ಳೆಯ ಜಾಗ. ಅವರು ಬಳಸುವುದು ಗೇಣಿಗಿಂತ ಚಿಕ್ಕದಾದ ಕಬ್ಬಿಣದ ಕೊಳವೆ. ಒಳಗೆ ಮಾರ್ಷ್‌ಮೆಲೋ ಮಿಠಾಯಿ ಹಾಕಿ ನೆಲಕ್ಕೆ ಗೂಟ ಹೊಡೆದು ಬಿಗಿಯುತ್ತಾರೆ. ರಕೂನ್ ಕೈ ತೂರಿಸಿ ಒಳಗಿನ ಕೊಂಡಿ ಎಳೆದರೆ ಮಾತ್ರ ಬಲೆ ಅದರ ಕೈ ಹಿಡಿಯುತ್ತದೆ. ನಾಯಿಯ ಕಾಲಿಗೆ ಆ ಕೆಲಸ ಬರುವುದಿಲ್ಲ. ಮೀನು ಇಟ್ಟರೆ ಬೆಕ್ಕು ಬರುತ್ತದೆ ಅಂತ ಮಿಠಾಯಿ.

ಇಂಥ ಬಲೆಗಳನ್ನು ದಿನಕ್ಕೊಮ್ಮೆ ನೋಡಲೇಬೇಕು ಅನ್ನುವುದು ಇಲ್ಲಿನ ಕಾನೂನು. ಬಯಲಾದರೆ ಗಾಡಿಯಲ್ಲಿ ಹೋಗಿ ನೋಡಿ ಬರಬಹುದು. ಇಲ್ಲಿ ಸೊಂಟದವರೆಗೆ ರಬ್ಬರ್ ಬೂಟು ಹಾಕಿ, ಮುಳ್ಳುಕಂಟಿ ಸರಿಸಿ, ನಾಲ್ಕು ಕಡೆ ಹಳ್ಳ ದಾಟಿ ನಡೆಯಬೇಕು. ನೀರು ಕೊರೆದು ಒಳಗೆ ಪೊಳ್ಳಾದ ದಂಡೆ ಮೇಲಿಂದ ಗಟ್ಟಿಯಾಗಿಯೇ ಕಾಣುತ್ತದೆ. ಮೂರನೇ ದಿನ ನಾನು ಅದರ ಮೇಲೆ ಕಾಲಿಟ್ಟು ಎದೆಮಟ್ಟ ನೀರಿಗೆ ಜಾರಿದೆ. ದಡದ ಮೇಲೆ ಹಿಮ ಹರಳುಗಟ್ಟಿತ್ತು, ಮನೆ ಸೇರುವವರೆಗೂ ಹಲ್ಲು ಕಟಕಟ ಅನ್ನುತ್ತಿತ್ತು.

ಒಂದು ಬೆಳಿಗ್ಗೆ ಬಲೆಯಲ್ಲಿ ರಕೂನ್ ಇತ್ತು. ಕಣ್ಣಿನ ಸುತ್ತ ಕಪ್ಪು ಪಟ್ಟಿ, ಬಾಲದಲ್ಲಿ ಬಳೆ ಬಳೆ. ಸುಮ್ನೆ ಕೂತು ನಮ್ಮನ್ನೇ ನೋಡಿತು. ಅವರು ಸಣ್ಣ ಬಂದೂಕಿನಿಂದ ಒಂದೇ ಏಟಿಗೆ ಮುಗಿಸಿದರು. ಮಾಂಸ ತಿನ್ನದ ಮನೆಯಲ್ಲಿ ಬೆಳೆದವನು ನಾನು, ಹೊಟ್ಟೆ ಹಿಂಡಿದಂತಾಯಿತು. ಅವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಒಳ್ಳೆಯ ಚರ್ಮಕ್ಕೆ ಇಪ್ಪತ್ತು ಡಾಲರ್‌ಗೂ ಜಾಸ್ತಿ ಸಿಗುತ್ತಿತ್ತಂತೆ. ಈಗ ಪೆಟ್ರೋಲ್ ಖರ್ಚೂ ಹುಟ್ಟುವುದಿಲ್ಲ.

ಮೇಲಿನ ಕಣಿವೆಯಲ್ಲಿ ಹೆಜ್ಜೆಗಳು ಇನ್ನೂ ಜಾಸ್ತಿ ಇದ್ದವು. ಅಲ್ಲೂ ಎರಡು ಇಡೋಣ ಅಂದೆ. ಅವರು ಮೋಡ ನೋಡಿದರು. ನಾಳೆ ಹಿಮ ಬಿದ್ದರೆ ಅಲ್ಲಿಗೆ ಹತ್ತಲಾಗುವುದಿಲ್ಲ, ಬೇಡ ಅಂದರು. ಖಾಲಿ ಕೊಳವೆಗಳನ್ನು ಬಕೆಟ್ಟಿಗೆ ಹಾಕಿಕೊಂಡು ಇಳಿದೆವು. ಮರುದಿನ ಮೊಣಕಾಲುದ್ದ ಹಿಮ ಬಿತ್ತು.