ಡಾಕ್ಟ್ರು ಬೇಕ್ರಿ ಕಾಕಾ

ಮಂಗಳವಾರದಿಂದ ಆ ಒಂದು ಮಾತು ಕಿವಿಯಿಂದ ಹೋಗುತ್ತಿಲ್ಲ.

ಕುಂದಗೋಳದ ಕಡೆ ನಮ್ಮೂರು. ಕಾಕಾನ ಎಮ್ಮೆ ಕರು ಹಾಕಿ ಒಂದೇ ದಿನ ಆಗಿತ್ತು, ಬೆಳಿಗ್ಗೆ ನೋಡಿದರೆ ನೆಲ ಹಿಡಿದಿದೆ. ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿತ್ತು. ಕಿವಿ ಮುಟ್ಟಿದೆ, ತಣ್ಣಗೆ. ಹಾಲುಜ್ವರ. ಹೆಸರಿಗಷ್ಟೇ ಜ್ವರ ಅದು, ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರುತ್ತದೆ.

ದನದ ಡಾಕ್ಟರಿಗೆ ಎರಡು ಆಸ್ಪತ್ರೆಗಳ ಚಾರ್ಜು, ಇನ್ನೊಂದು ಊರಲ್ಲಿದ್ದರು. ಮೊದಲು ಬಂದವರು ಅವರ ಸಹಾಯಕ, ಕಾಂಪೌಂಡರ್ ಅಣ್ಣ. ಬ್ಯಾಗಿನಲ್ಲಿ ಕ್ಯಾಲ್ಸಿಯಂ ಬಾಟಲಿ ಕಾಣುತ್ತಿತ್ತು.

"ಬಾಟ್ಲಿ ಐತಿ, ಸೂಜಿ ಐತಿ, ನೀನೂ ಅದಿ. ಇನ್ನೇನ ಬೇಕೋ ತಮ್ಮಾ?"

"ಡಾಕ್ಟ್ರು ಬೇಕ್ರಿ ಕಾಕಾ."

ದನಿ ಏರಿಸಲಿಲ್ಲ. ಕಾಕಾ ಬಾಯಿಗೆ ಬಂದಂತೆ ಬೈದರು, ಬೈಕಿನಲ್ಲಿ ತಿರುಗುವ ಆ ಇನ್ನೊಬ್ಬನನ್ನು ಕರೆಸುತ್ತೇನೆ ಅಂದರು. ಯಾವ ಬೇನೆಗೂ ಎರಡು ಇಂಜೆಕ್ಷನ್ ಚುಚ್ಚಿ ದುಡ್ಡು ಎಣಿಸಿಕೊಂಡು ಹೋಗುವ ಅವನ ಮೇಲೆ ನನಗೆ ಎಳ್ಳಷ್ಟೂ ನಂಬಿಕೆ ಇಲ್ಲ. ಅಣ್ಣ ಮತ್ತೆ ಅದನ್ನೇ ಹೇಳಿದರು. ಡಾಕ್ಟ್ರು ಬೇಕ್ರಿ ಕಾಕಾ.

ಸುಮ್ನೆ ಕೂರಲಿಲ್ಲ ಅವರು. ಡಾಕ್ಟರಿಗೆ ಫೋನ್ ಹಚ್ಚಿ, ಅವರು ಹೇಳಿದಂತೆ ಹುಲ್ಲು ತುಂಬಿದ ಗೋಣಿಚೀಲಗಳನ್ನು ಎರಡೂ ಬದಿಗೆ ಒತ್ತಿಟ್ಟು ಎಮ್ಮೆ ಅಡ್ಡ ಬೀಳದಂತೆ ಕೂರಿಸಿದರು, ಬಾಟಲಿಯನ್ನು ಬೆಚ್ಚಗಿನ ನೀರಲ್ಲಿ ಇಟ್ಟರು. ಒಂದೂವರೆ ತಾಸು ಕಳೆದು ಡಾಕ್ಟರು ಬಂದರು. ಎಮ್ಮೆಯ ಎದೆಗೆ ಸ್ಟೆತಸ್ಕೋಪ್ ಇಟ್ಟುಕೊಂಡೇ ಕುತ್ತಿಗೆಯ ನರಕ್ಕೆ ಕ್ಯಾಲ್ಸಿಯಂ ನಿಧಾನವಾಗಿ ಏರಿಸಿದರು. ಜೋರಾಗಿ ಬಿಟ್ಟರೆ ಹೃದಯವೇ ನಿಂತುಹೋಗುತ್ತದಂತೆ. ಬಾಟಲಿ ಮುಗಿಯುವ ಮೊದಲೇ ಎಮ್ಮೆ ಮೈ ನಡುಗಿಸಿತು, ತೇಗಿತು, ಸಗಣಿ ಹಾಕಿತು. ಮಧ್ಯಾಹ್ನಕ್ಕೆ ಎದ್ದು ನಿಂತಿತು.

ರಾತ್ರಿ ಮೊಬೈಲಿನಲ್ಲಿ ಹುಡುಕಿ ಓದಿದೆ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ, 30ನೇ ಕಲಂ. ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಪಡೆದ ಸಹಾಯಕರು ರಾಜ್ಯ ಸರ್ಕಾರ ಅನುಮತಿ ಕೊಟ್ಟರೆ ಲಸಿಕೆ ಹಾಕಬಹುದು, ಹೋರಿಯ ಬೀಜ ಒಡೆಯಬಹುದು, ಗಾಯ ತೊಳೆದು ಪಟ್ಟಿ ಕಟ್ಟಬಹುದು. ಅದೂ ನೋಂದಾಯಿತ ವೈದ್ಯರ ಉಸ್ತುವಾರಿಯಲ್ಲಿ. ಉಳಿದ ಯಾವ ಬೇನೆಗೆ ಅವರು ಕೈ ಹಾಕಬೇಕಾದರೂ ಸರ್ಕಾರ ಗೆಜೆಟ್ಟಿನಲ್ಲಿ ಅಧಿಸೂಚನೆ ಹೊರಡಿಸಬೇಕು.

ಎಷ್ಟು ವರ್ಷದಿಂದ ಈ ಅಣ್ಣನಿಗೆ ನಾವೆಲ್ಲ ಗಂಟು ಬಿದ್ದಿದ್ದೇವೆ, ಅದು ಕೊಡು, ಇದು ಚುಚ್ಚು ಅಂತ. ದನ ಸತ್ತರೆ ಮೊದಲು ಹಿಡಿಯುವುದೂ ಅವರ ಕೊರಳಪಟ್ಟಿಯನ್ನೇ ಅಲ್ವಾ? ಗೆರೆ ಹಾಕಿದ್ದು ಸರಿ. ಆದರೆ ಇಷ್ಟೂರಿಗೆ ಒಬ್ಬರೇ ಡಾಕ್ಟರು ಅಂದರೆ, ದಿನಾ ಆ ಗೆರೆಯ ಮೇಲೆ ನಿಂತು ಬೈಸಿಕೊಳ್ಳುವವರು ಇವರು. ಅದು ನನಗೆ ಜಾಸ್ತಿ ಸಂಕಟ.

ದನಗಳ ಆಂಬುಲೆನ್ಸ್ ಕರೆಸುವ 1962 ಸಹಾಯವಾಣಿಗೆ ಫೋನ್ ಮಾಡಬೇಕೆಂದು ಆ ಗಡಿಬಿಡಿಯಲ್ಲಿ ನಮಗ್ಯಾರಿಗೂ ಹೊಳೆದಿರಲಿಲ್ಲ. ನಿನ್ನೆ ಕಾಕಾ ದನದ ಮನೆಯ ಬಾಗಿಲಿಗೆ ಸುಣ್ಣದಲ್ಲಿ ಆ ನಂಬರು ಬರೆದರು, ಕೆಳಗೆ ಡಾಕ್ಟರದ್ದು, ಅದರ ಕೆಳಗೆ ಅಣ್ಣನದ್ದು. ಆಚೆಮನೆಯ ಆಕಳು ಮುಂದಿನ ವಾರ ಕರು ಹಾಕುವುದಿದೆ.